ಕಲ್ಯಾಣ ಜಂಕ್ಷನ್ನಿನಿಂದ ಅಂಗನವಾಡಿಗೆ: ಬಡ ಬಸ್ತಿಗಳಲ್ಲಿ ಆರೋಗ್ಯಬೋಧೆಯ ಇತಿಹಾಸ

ಮುಂಬಯಿಯ ಬೋರಿಬಂದರದಿಂದ ಠಾಣೆಯವರೆಗೆ ೧೮೫೩ನೆಯ ಇಸವಿ ಎಪ್ರಿಲ್ ೧೬ರಂದು ಉಗಿಬಂಡಿ ಓಡಿತು. ಮರುವರ್ಷ ಹಳಿಯು ಕಲ್ಯಾಣವನ್ನು ಮುಟ್ಟಿತು. ಅಲ್ಲಿ ಅದು ಎರಡಾಗಿ ಕವಲೊಡೆದು, ಒಂದು ಭೋರಘಾಟವನ್ನು ಏರಿ ಪುಣೆಯ ಕಡೆಗೂ ಇನ್ನೊಂದು ಕಸಾರಾ ಘಾಟವನ್ನು ಏರಿ ನಾಸಿಕದ ಕಡೆಗೂ ಸಾಗಿತು. ಹುಬ್ಬಳ್ಳಿ-ಧಾರವಾಡದವನಾಗಲಿ, ಕಲಬುರ್ಗಿ-ರಾಯಚೂರಿನವನಾಗಲಿ, ಆ ಕಾಲದಲ್ಲಿ ರೈಲಿನಲ್ಲಿ ಮುಂಬಯಿಗೆ ಬರಬೇಕಾದರೆ ಅಥವಾ ಮುಂಬಯಿಯಿಂದ ಊರಿಗೆ ಮರಳಬೇಕಾದರೆ ಕಲ್ಯಾಣವನ್ನು ದಾಟಲೇಬೇಕಾಗಿತ್ತು. ಹೊಟ್ಟೆಯ ಪಾಡಿಗೆ ಬಂದ ಜನ, ಅವರ ಸಾಮಾನು, ಅವರ ಭಾಷೆ, ಅವರ ರೋಗ ಎಲ್ಲವೂ ಈ ಒಂದು ಬಾಗಿಲಿನಿಂದಲೇ ಹಾಯ್ದವು. ಬಡವರಿಗೆ ಆರೋಗ್ಯದ ಪಾಠ ಹೇಳುವ ಕಾರ್ಯವು ಈ ಪ್ರಾಂತದಲ್ಲಿ ಹೇಗೆ ಮೊದಲಾಯಿತು, ಎಲ್ಲಿ ಎಡವಿತು, ಎಲ್ಲಿ ನೆಲೆಯೂರಿತು ಎಂಬುದನ್ನು ವಿಚಾರಿಸುವವರು ಇದೇ ಜಂಕ್ಷನ್ನಿನಿಂದ ಹೊರಡುವುದು ಯುಕ್ತವಾಗಿದೆ.

ಆರೋಗ್ಯಬೋಧೆಯ ಚರಿತ್ರೆಯನ್ನು ಸಾಮಾನ್ಯವಾಗಿ ಬೋಧಕರ ಕಡೆಯಿಂದ ಬರೆಯಲಾಗುತ್ತದೆ. ಇಂತಿಷ್ಟು ಉಪನ್ಯಾಸಗಳಾದವು, ಇಂತಿಷ್ಟು ಕರಪತ್ರಗಳು ಹಂಚಲ್ಪಟ್ಟವು ಎಂಬ ಲೆಕ್ಕದಲ್ಲಿ ಅದು ಮುಗಿದುಹೋಗುತ್ತದೆ. ಕೇಳಿದವರು ಏನನ್ನು ಕೇಳಿದರು, ಕೇಳಿದ್ದನ್ನು ನಡೆಸಲು ಅವರಿಗೆ ಅನುಕೂಲವಿತ್ತೇ ಎಂಬ ಪ್ರಶ್ನೆಯು ಹಿಂದೆ ಉಳಿಯುತ್ತದೆ. ಆದರೆ ಮುಂಬಯಿ ಮತ್ತು ಠಾಣೆ ಪ್ರದೇಶದ ನೂರಿಪ್ಪತ್ತೈದು ವರ್ಷಗಳ ಅನುಭವವು ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂಬುದನ್ನು ತೋರಿಸಿಕೊಡುತ್ತದೆ.

೧

೧೮೯೬ರ ಸಪ್ಟೆಂಬರದಲ್ಲಿ, ಧಾನ್ಯದ ವಖಾರಗಳಿಂದ ತುಂಬಿದ್ದ ಮಾಂಡವಿ ಭಾಗದಲ್ಲಿ, ಡಾ. ಅಕಾಸಿಯೊ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು ರೋಗಿಯೊಬ್ಬನ ಗಡ್ಡೆಯನ್ನು ಪರೀಕ್ಷಿಸಿ ಇದು ಪ್ಲೇಗು ಎಂದು ನಿರ್ಣಯಿಸಿದರು. ಕೆಲವೇ ತಿಂಗಳುಗಳಲ್ಲಿ ಲಕ್ಷಾಂತರ ಜನರು ನಗರವನ್ನು ಬಿಟ್ಟು ಓಡಿದರು. ಓಡಿದವರಲ್ಲಿ ಗಿರಣಿಯ ಕೂಲಿಗಳು ಬಹಳ. ಇದೇ ಅಕ್ಟೋಬರ ೨೯ರಂದು ಗಿರಣಿ ಕಾರ್ಮಿಕರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದಿತು. ಆಸ್ಪತ್ರೆಗೆ ಒಯ್ದವರು ಹಿಂದಿರುಗುವುದಿಲ್ಲವೆಂಬ ಭೀತಿಯು ಅವರಲ್ಲಿ ಮನೆಮಾಡಿತ್ತು. ಬದುಕುವ ಆಶೆ ಇಲ್ಲದ ಸ್ಥಿತಿಯಲ್ಲಿಯೇ ರೋಗಿಗಳನ್ನು ಅಲ್ಲಿಗೆ ಸೇರಿಸುತ್ತಿದ್ದುದರಿಂದ ಆ ಭೀತಿಗೆ ಕಣ್ಣೆದುರಿನ ಆಧಾರವೂ ಇತ್ತು.

೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಜಾರಿಗೆ ಬಂದಿತು. ಮಾರ್ಚದಲ್ಲಿ ಜನರಲ್ ಗ್ಯಾಟಕರ್ ಅವರ ಅಧ್ಯಕ್ಷತೆಯಲ್ಲಿ ಮುಂಬಯಿಯ ಪ್ಲೇಗು ಸಮಿತಿ ನೇಮಕವಾಯಿತು. ಮನೆಮನೆಯ ಶೋಧನೆ ಮೊದಲಾಯಿತು. ಗೋಡೆಗಳಿಗೆ ಸುಣ್ಣ ಬಳಿದರು; ನೆಲಕ್ಕೂ ಚರಂಡಿಗೂ ಜಂತುನಾಶಕ ದ್ರವವನ್ನು ಸುರಿದರು; ಕತ್ತಲೆಯ ಕೋಣೆಗಳಿಗೆ ಬೆಳಕು ಬೀಳಲೆಂದು ಮಾಡಿನ ಹೆಂಚುಗಳನ್ನು ತೆಗೆದರು; ಹಾಸಿಗೆ ಬಟ್ಟೆಗಳನ್ನು ಸುಟ್ಟರು. ವಾಸಕ್ಕೆ ಅಯೋಗ್ಯವೆಂದು ತೋರಿದ ಮನೆಗಳಿಗೆ ಗುರುತು ಹಾಕಿದರು. ನಗರವನ್ನು ಬಿಟ್ಟು ಹೋಗುವವರ ತಪಾಸಣೆಗೆ ಕಲ್ಯಾಣವು ಮುಖ್ಯ ಠಾಣೆಯಾಯಿತು. ಬಂಡಿಯಿಂದ ಇಳಿಸಿದ ಪ್ರಯಾಣಿಕರ ಬಗಲು ಮತ್ತು ತೊಡೆಸಂದುಗಳಲ್ಲಿ ಗಡ್ಡೆಯಿದೆಯೇ ಎಂದು ವೈದ್ಯರು ಮುಟ್ಟಿ ನೋಡುತ್ತಿದ್ದರು. ಜ್ವರದ ಸಂಶಯವಿದ್ದವರನ್ನು ತಡೆದಿಡುತ್ತಿದ್ದರು. ಸ್ತ್ರೀಯರ ಪರೀಕ್ಷೆಯ ವಿಷಯದಲ್ಲಿ ಜನರಿಗಾದ ಅಪಮಾನವು ಆ ಕಾಲದ ಪತ್ರಿಕೆಗಳಲ್ಲಿ ತುಂಬಿಹೋಗಿದೆ. ಪುಣೆಯಲ್ಲಿ ಈ ಕೋಪವು ೧೮೯೭ರ ಜೂನ್ ೨೨ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲಿನ ಗುಂಡಾಗಿ ಸಿಡಿಯಿತು. ಮುಂಬಯಿಯಲ್ಲಿಯೂ ೧೮೯೮ರ ಮಾರ್ಚ ೯ರಂದು, ರೋಗಿಯನ್ನು ಒಯ್ಯಲು ಬಂದವರನ್ನು ನೇಕಾರರ ಮೊಹಲ್ಲೆಯೊಂದು ತಡೆದು ನಿಂತಾಗ, ಗಲಭೆಯೆದ್ದಿತು.

ಈ ಪ್ರದೇಶದ ಬಡ ಕುಟುಂಬಗಳಿಗೆ ದೊಡ್ಡ ಪ್ರಮಾಣದಲ್ಲಿ ದೊರೆತ ಮೊದಲನೆಯ ಆರೋಗ್ಯಬೋಧೆ ಇದೇ ಎಂದರೆ ತಪ್ಪಾಗಲಾರದು. ಅದು ಮಾತಿನಲ್ಲಿ ಬಂದ ಬೋಧೆಯಲ್ಲ. ಬಾಗಿಲು ಒಡೆದು ಒಳಹೊಕ್ಕ ಬೋಧೆ. ಅದರಿಂದ ಜನ ಕಲಿತದ್ದು ರೋಗಿಯನ್ನು ಅಡಗಿಸಿಡುವುದನ್ನು, ಹೆಣವನ್ನು ಗುಟ್ಟಾಗಿ ಸಾಗಿಸುವುದನ್ನು, ತಪಾಸಣೆಯ ಠಾಣೆಯನ್ನು ತಪ್ಪಿಸಿ ಕಾಲುದಾರಿಯಲ್ಲಿ ನಡೆಯುವುದನ್ನು.

೨

ಇಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಬೋಧಿಸಿದ ಪಾಠವೇ ಅರೆಸತ್ಯವಾಗಿತ್ತು. ರೋಗವು ಕೊಳೆಯಿಂದ, ದುರ್ಗಂಧದಿಂದ, ಗಾಳಿಬೆಳಕುಗಳಿಲ್ಲದ ವಾಸದಿಂದ ಹುಟ್ಟುವುದೆಂಬ ನಂಬಿಕೆಯ ಮೇಲೆ ಇಡೀ ಕಾರ್ಯಾಚರಣೆ ನಿಂತಿತ್ತು. ೧೮೯೮ರಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಇಲಿಯ ಚಿಗಟವೇ ರೋಗವಾಹಕವೆಂದು ತೋರಿಸಿದರೂ ಆ ಮಾತು ಬಹುಕಾಲ ಮನ್ನಣೆ ಪಡೆಯಲಿಲ್ಲ. ೧೯೦೫ರಿಂದ ಮುಂದೆ ಪರಳದ ಪ್ರಯೋಗಶಾಲೆಯಲ್ಲಿ ಪ್ಲೇಗು ಸಂಶೋಧನ ಆಯೋಗವು ನಡೆಸಿದ ಪರೀಕ್ಷೆಗಳಿಂದಲೇ ಅದು ಸ್ಥಿರಪಟ್ಟಿತು. ಅಷ್ಟರವರೆಗೆ ಬಡವನ ಹಾಸಿಗೆಯನ್ನು ಸುಟ್ಟವರು ಅವನ ಮನೆಯ ಇಲಿಯನ್ನು ಬಿಟ್ಟಿದ್ದರು.

ಮಾಂಡವಿಯ ವರ್ತಕರಾದರೋ, ರೋಗವು ಪ್ರಕಟವಾಗುವ ಮೊದಲೇ ವಖಾರಗಳಲ್ಲಿ ಇಲಿಗಳು ಸತ್ತು ಬೀಳುತ್ತಿದ್ದುದನ್ನು ಕಂಡಿದ್ದರು. ಪ್ಲೇಗು ಕರ್ನಾಟಕದ ಹಳ್ಳಿಗಳನ್ನು ಹೊಕ್ಕಮೇಲೆ ನಮ್ಮ ರೈತರು ಬೇಗನೆ ಒಂದು ಪದ್ಧತಿಯನ್ನು ರೂಢಿಸಿಕೊಂಡರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಾಗಿಲಿಕ್ಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬೇನೆ ಇಳಿಯುವ ತನಕ ಅಲ್ಲಿರುತ್ತಿತ್ತು. ವಿಜ್ಞಾನದ ಒಪ್ಪಿಗೆಗಾಗಿ ಅವರು ಕಾಯಲಿಲ್ಲ. ಊರು ಬಿಡುವುದೇ ಹಳ್ಳಿಗಳಲ್ಲಿ ಅತ್ಯಂತ ಫಲಕಾರಿಯಾದ ಉಪಾಯವೆಂದು ಸರಕಾರವೂ ಮುಂದೆ ಒಪ್ಪಿಕೊಂಡಿತು. ಆದರೆ ಚಾಳಿನಲ್ಲಿರುವವನು ಯಾವ ಹೊಲಕ್ಕೆ ಹೋಗಬೇಕು? ಹಳ್ಳಿಯವನಿಗೆ ಬಯಲಿತ್ತು; ಅವನ ಅರಿವು ನಡತೆಯಾಗಲು ಅದು ಎಡೆಗೊಟ್ಟಿತು. ನಗರದ ಬಡವನಿಗೆ ಅರಿವಿದ್ದರೂ ಬಯಲಿರಲಿಲ್ಲ.

೧೮೯೮ರಲ್ಲಿ ಹುಬ್ಬಳ್ಳಿಯಲ್ಲಿ ನಡೆದದ್ದು ಇದಕ್ಕೆ ಹೋಲಿಸತಕ್ಕದ್ದು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ, ಸುಮಾರು ೫೦ ಸಾವಿರ ಜನವಸತಿಯ ಆ ಪಟ್ಟಣದಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದಾಗ ಡಾ. ಲಾಯ್ಮನ್ ಎಂಬ ಸೇನಾವೈದ್ಯರು ಹಾಫ್‌ಕಿನ್ನರ ಲಸಿಕೆಯನ್ನು ೩೦ ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಿಸಿದರು. ವಾಲ್ಡೆಮಾರ್ ಹಾಫ್‌ಕಿನ್ ಆ ಲಸಿಕೆಯನ್ನು ೧೮೯೭ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ಹುಬ್ಬಳ್ಳಿಯಲ್ಲಿ ಅಧಿಕಾರದ ಒತ್ತಾಯವೇನೂ ಇರಲಿಲ್ಲವೆಂದಲ್ಲ. ಆದರೂ ಅಲ್ಲಿ ವೈದ್ಯರು ಜನರಿಂದ ಏನನ್ನಾದರೂ ಕಿತ್ತುಕೊಳ್ಳಲು ಮಾತ್ರ ಬಂದವರಾಗಿರಲಿಲ್ಲ. ಜನರಿಗೆ ಕೊಡಲು ಅವರ ಕೈಯಲ್ಲಿ ಒಂದು ವಸ್ತುವಿತ್ತು. ಚುಚ್ಚಿಸಿಕೊಂಡವರು ಉಳಿಯುವುದನ್ನು ಓಣಿಯವರು ತಮ್ಮ ಕಣ್ಣಿನಿಂದಲೇ ಕಂಡಾಗ ಉಪದೇಶದ ಅವಶ್ಯಕತೆ ಕಡಿಮೆಯಾಯಿತು.

೩

ಪ್ಲೇಗಿನ ಬಿರುಸು ಇಳಿದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಬೋಧೆಯ ರೀತಿಯು ಬದಲಾಯಿತು. ಮುಂಬಯಿ ನಗರಸಭೆಯ ಆರೋಗ್ಯಾಧಿಕಾರಿ ಡಾ. ಟರ್ನರ್ ಅವರ ಪ್ರೇರಣೆಯಿಂದ ಹುಟ್ಟಿದ ಬಾಂಬೆ ಸ್ಯಾನಿಟರಿ ಅಸೋಸಿಯೇಶನ್ ಸಂಸ್ಥೆಯು ತಾಯಂದಿರಿಗೂ ಹುಡುಗಿಯರಿಗೂ ಸರಳವಾದ ಮಾತುಗಳಲ್ಲಿ ಮನೆವಾರ್ತೆಯ ಶುಚಿತ್ವವನ್ನು ತಿಳಿಸುವ ಕೆಲಸವನ್ನು ಕೈಕೊಂಡಿತು. ೧೯೧೧ರಲ್ಲಿ ನಾರಾಯಣ ಮಲ್ಹಾರ ಜೋಶಿಯವರು ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಗಾವಿನ ಚಾಳುಗಳಿಗೆ ರಾತ್ರಿಶಾಲೆಯನ್ನೂ ಸಂಚಾರೀ ಪುಸ್ತಕಭಂಡಾರವನ್ನೂ ಮಾಯಾದೀಪದ ಚಿತ್ರಗಳೊಡನೆ ಆರೋಗ್ಯದ ಉಪನ್ಯಾಸಗಳನ್ನೂ ಒಯ್ದಿತು. ದುಡಿಯುವವನ ಬಿಡುವಿನ ವೇಳೆಗೆ, ಅವನಿರುವ ಜಾಗಕ್ಕೆ ಪಾಠವು ಬರಬೇಕೆಂಬ ತತ್ತ್ವವು ಇಲ್ಲಿ ನೆಲೆಗೊಂಡಿತು. ೧೯೦೨ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದ ಕರಾವಳಿಯ ಜನರೂ, ಹೊಟೆಲಿನ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಇತರ ಸಂಘಗಳೂ ಇದೇ ತತ್ತ್ವವನ್ನು ಅಕ್ಷರಾಭ್ಯಾಸದಲ್ಲಿ ಪಾಲಿಸಿದ್ದು ಮುಂಬಯಿ ಕನ್ನಡಿಗರಿಗೆ ತಿಳಿದ ವಿಷಯವೇ ಆಗಿದೆ.

ಆದರೆ ಉಪನ್ಯಾಸವು ಎಲ್ಲಿಗೆ ಮುಟ್ಟಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ೧೯೨೧-೨೨ರ ಅಂಕಿಗಳು ಹೇಳುತ್ತವೆ. ೧೯೨೧ರಲ್ಲಿ ಮುಂಬಯಿಯಲ್ಲಿ ದಾಖಲಾದ ಸಾವಿರ ಜನನಗಳಿಗೆ ೬೬೦ಕ್ಕೂ ಮೇಲ್ಪಟ್ಟು ಶಿಶುಮರಣಗಳು ದಾಖಲಾದವು. ಒಂದೇ ಕೋಣೆಯ ವಾಸಗಳಲ್ಲಿ ಈ ಸಂಖ್ಯೆ ೮೨೮ರಷ್ಟಿತ್ತು. ಬಾಣಂತನಕ್ಕೆ ಊರಿಗೆ ಹೋಗಿ ಕೂಸಿನೊಡನೆ ಮರಳುತ್ತಿದ್ದ ತಾಯಂದಿರು ಬಹಳವಾದುದರಿಂದ ಜನನವು ಒಂದೆಡೆ, ಮರಣವು ಇನ್ನೊಂದೆಡೆ ದಾಖಲಾಗಿ ಅಂಕಿಯು ನಿಜಕ್ಕಿಂತ ಉಬ್ಬಿದ್ದಿರಬೇಕು. ಹಾಗೆ ಕಳೆದು ನೋಡಿದರೂ ಅದು ಎದೆ ನಡುಗಿಸುವಂತಹದು. ೧೯೨೨ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆಯು ಗಿರಣಿಯ ಹೆಂಗಸರ ಸ್ಥಿತಿಗತಿಗಳನ್ನು ವಿಚಾರಿಸಿ, ಅವರ ಕೂಸುಗಳಲ್ಲಿ ನೂರಕ್ಕೆ ೯೮ಕ್ಕೆ ಅಫೀಮು ತಿನ್ನಿಸಲಾಗುತ್ತಿತ್ತೆಂದು ವರದಿ ಮಾಡಿದರು. ‘ಬಾಳಗೋಳಿ’ ಎಂಬ ಹೆಸರಿನ ಆ ಗುಳಿಗೆ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತಿತ್ತು.

ಈ ತಾಯಂದಿರನ್ನು ಅಜ್ಞಾನಿಗಳೆಂದು ಕರೆಯುವುದು ಸುಲಭ. ಹಾಗೆ ಕರೆದವರೂ ಇದ್ದರು. ಅಫೀಮು ಕೂಸನ್ನು ಕೃಶಗೊಳಿಸುವುದೆಂದು ಹೇಳಿದರೆ ತಾಯಿ ಅದನ್ನು ನಂಬದೆ ಇರುತ್ತಿರಲಿಲ್ಲ. ಆದರೆ ಹತ್ತು ತಾಸು ಯಂತ್ರದ ಮುಂದೆ ನಿಲ್ಲಬೇಕಾದವಳು ಕೂಸನ್ನು ಯಾರ ಕೈಯಲ್ಲಿ ಬಿಡಬೇಕು? ಅತ್ತು ಸಾಯುವುದಕ್ಕಿಂತ ಮಲಗಿರಲಿ ಎಂದು ಅವಳು ಮಾಡುತ್ತಿದ್ದುದು ಬಡತನದ ಲೆಕ್ಕಾಚಾರ, ಮೌಢ್ಯವಲ್ಲ. ಅದಕ್ಕೆ ಉತ್ತರವು ಉಪನ್ಯಾಸದಿಂದ ಬರಲಿಲ್ಲ. ಕೆಲವು ಗಿರಣಿಗಳು ತೆರೆದ ಶಿಶುಪಾಲನಾ ಗೃಹಗಳಿಂದಲೂ ೧೯೨೯ರ ಮುಂಬಯಿ ಹೆರಿಗೆ ಸೌಲಭ್ಯದ ಶಾಸನದಿಂದಲೂ ಅದು ಬರತೊಡಗಿತು. ಆ ಮಸೂದೆಯನ್ನು ಮುಂಬಯಿ ವಿಧಾನಪರಿಷತ್ತಿನಲ್ಲಿ ೧೯೨೮ರಲ್ಲಿ ಚರ್ಚಿಸುವಾಗ ಡಾ. ಅಂಬೇಡಕರರು ಅದನ್ನು ಬೆಂಬಲಿಸಿ ಮಾತನಾಡಿದುದು ಸ್ಮರಣೀಯವಾಗಿದೆ. ಹೆರಿಗೆಯ ಮುಂಚೆ ಮತ್ತು ಬಳಿಕ ಕೆಲವು ವಾರ ಸಂಬಳ ಸಹಿತವಾಗಿ ಮನೆಯಲ್ಲಿರಬಹುದೆಂದು ಶಾಸನವು ಹೇಳಿದ ಮೇಲೆಯೇ ‘ಕೂಸಿಗೆ ಎದೆಹಾಲು ಕೊಡಿರಿ’ ಎಂಬ ವೈದ್ಯರ ಮಾತಿಗೆ ಅರ್ಥ ಬಂದಿತು.

೪

ಸ್ವಾತಂತ್ರ್ಯಾನಂತರ ದುಡಿಮೆಯು ಗಿರಣಗಾವಿನಿಂದ ಖಾಡಿಯನ್ನು ದಾಟಿ ಈಚೆಗೆ ಹರಡಿತು. ಕಲ್ಯಾಣದ ಸೈನಿಕ ಶಿಬಿರದಲ್ಲಿ ಸಿಂಧಿ ನಿರಾಶ್ರಿತರು ನೆಲೆಸಿ, ಆ ಶಿಬಿರವು ೧೯೪೯ರಲ್ಲಿ ಉಲ್ಹಾಸನಗರವಾಯಿತು. ೧೯೬೨ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ ಸ್ಥಾಪಿತವಾಗಿ ಠಾಣೆ, ಡೊಂಬಿವಲಿ, ಅಂಬರನಾಥ, ಠಾಣೆ-ಬೇಲಾಪುರ ರಸ್ತೆಗಳಲ್ಲಿ ಕಾರಖಾನೆಗಳು ಎದ್ದವು. ೧೯೭೦ರಲ್ಲಿ ಸಿಡ್ಕೋ ಹುಟ್ಟಿ ನವಿಮುಂಬಯಿಯ ನಿರ್ಮಾಣವನ್ನು ಆರಂಭಿಸಿತು. ಠಾಣೆಗೆ ೧೯೮೨ರಲ್ಲಿ, ಕಲ್ಯಾಣಕ್ಕೆ ೧೯೮೩ರಲ್ಲಿ, ನವಿಮುಂಬಯಿಗೆ ೧೯೯೨ರಲ್ಲಿ ಮಹಾನಗರಪಾಲಿಕೆಗಳು ಬಂದವು. ೧೯೭೨ರ ಭೀಕರ ಬರಗಾಲದ ಮುಂದೆ-ಹಿಂದೆ ಕಲಬುರ್ಗಿ, ವಿಜಾಪುರ ಸೀಮೆಗಳಿಂದ ಬಂದ ಒಡ್ಡರು, ಲಂಬಾಣಿಗಳು ಮತ್ತು ಭೂಮಿಯಿಲ್ಲದ ಇತರರು ಕಲ್ಲುಗಣಿಗಳಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ತೊಡಗಿದರು. ನಗರವನ್ನು ಕಟ್ಟುವವರು ನಗರದ ನಲ್ಲಿಗೆ ಹಕ್ಕುದಾರರಾಗಲಿಲ್ಲ. ಕಟ್ಟಡವು ಏಳುವವರೆಗೆ ಅದರ ನೆರಳಿನಲ್ಲಿ ತಗಡಿನ ಗುಡಿಸಲು. ಎದ್ದ ಮೇಲೆ ಮತ್ತೊಂದು ಕಟ್ಟಡದ ಕಡೆಗೆ ಪಯಣ. ಗಿರಣಿಯ ಹೆಂಗಸಿಗೆ ಕೊನೆಗೆ ಒಂದು ಚಾಳಿನ ವಿಳಾಸವಿತ್ತು. ಇವರಿಗೆ ಅದೂ ಇಲ್ಲ.

ಈ ಅಲೆಮಾರಿ ದುಡಿಮೆಗಾರರ ಬೆನ್ನಿಗೆ ಬೋಧೆಯೂ ಅಲೆಯಬೇಕೆಂದು ಮೊದಲು ಮನಗಂಡವರಲ್ಲಿ ಮೀರಾ ಮಹಾದೇವನ್ ಅವರು ಒಬ್ಬರು. ೧೯೬೯ರಲ್ಲಿ ದಿಲ್ಲಿಯಲ್ಲಿ ಕಟ್ಟಡದ ಕೆಲಸ ನಡೆದಿದ್ದ ಜಾಗದಲ್ಲಿಯೇ ಕೂಲಿಗಳ ಕೂಸುಗಳಿಗೆ ಅವರು ಒಂದು ಆಸರೆಯನ್ನು ತೆರೆದರು. ‘ಮೊಬೈಲ್ ಕ್ರೆಶಸ್’ ಎಂಬ ಆ ಸಂಸ್ಥೆಯ ಕೆಲಸ ೧೯೭೨ರಲ್ಲಿ ಮುಂಬಯಿಗೂ ಬಂದಿತು. ಅಲ್ಲಿ ಕೂಸಿಗೆ ಸ್ನಾನ, ಊಟ, ನಿದ್ದೆ, ಲಸಿಕೆ; ಬಿಡುವಿನಲ್ಲಿ ಹಾಲೂಡಿಸಲು ಬರುವ ತಾಯಿಗೆ ನಾಲ್ಕು ಮಾತು. ಅರ್ಧ ಶತಮಾನದ ಹಿಂದೆ ಡಾ. ಬಾರ್ನ್ಸ್ ಎತ್ತಿದ ಪ್ರಶ್ನೆಗೆ ಇದು ಇನ್ನೊಂದು ಪೀಳಿಗೆಯ ಉತ್ತರ. ಕೂಲಿಗಳು ಹೊರಡುವ ಊರುಗಳಲ್ಲಿಯೂ ೨೦೨೩ರಿಂದ ಕರ್ನಾಟಕ ಸರಕಾರವು ಉದ್ಯೋಗ ಖಾತರಿ ಕೆಲಸದ ತಾಯಂದಿರಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯತೊಡಗಿದುದು ಇದೇ ದಾರಿಯ ಮುಂದಿನ ಹೆಜ್ಜೆಯಾಗಿದೆ.

೧೯೭೫ರ ಅಕ್ಟೋಬರ ೨ರಂದು ದೇಶದ ೩೩ ಕಡೆಗಳಲ್ಲಿ ಸಮಗ್ರ ಶಿಶುವಿಕಾಸ ಯೋಜನೆ ಆರಂಭವಾಯಿತು. ಆ ಮೊದಲ ಪಟ್ಟಿಯಲ್ಲಿ ಕರ್ನಾಟಕದ ತಿರುಮಕೂಡಲು ನರಸೀಪುರವೂ ಮುಂಬಯಿಯ ಧಾರಾವಿಯೂ ಇದ್ದವು. ಅಂಗನವಾಡಿಯ ಕಾರ್ಯಕರ್ತೆಯು ಬಸ್ತಿಯವಳೇ. ಅವಳ ಕೈಯಲ್ಲಿ ತಕ್ಕಡಿಯಿದೆ, ಪೌಷ್ಟಿಕ ಆಹಾರವಿದೆ, ಕೂಸಿನ ಬೆಳವಣಿಗೆಯ ಪಟ್ಟಿಯಿದೆ. ಬಾಗಿಲಲ್ಲಿ ನಿಂತು ಆಜ್ಞೆ ಮಾಡುವ ಸೋಲ್ಜರನಿಗೂ ಒಳಗೆ ಕುಳಿತು ಕೂಸನ್ನು ತೂಗಿ ನೋಡುವ ಈ ನೆರೆಯವಳಿಗೂ ನಡುವೆ ಎಂಟು ದಶಕಗಳ ಅಂತರವುಂಟು.

೫

ಹೀಗಿದ್ದರೂ, ಬೋಧಕನು ನೆರೆಯವನಾದ ಮಾತ್ರಕ್ಕೆ ಎಲ್ಲವೂ ಸಾಧಿಸಿತೆಂದು ತಿಳಿಯಲಾಗದು. ಸಾಯನ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿ ಎದೆಹಾಲಿನ ಭಂಡಾರವನ್ನು ಸ್ಥಾಪಿಸಿದ ಶಿಶುವೈದ್ಯೆ ಡಾ. ಆರ್ಮಿಡಾ ಫೆರ್ನಾಂಡಿಸ್ ಅವರು ೧೯೯೯ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದರು. ೨೦೦೬ರಿಂದ ೨೦೦೯ರವರೆಗೆ ಮುಂಬಯಿಯ ೪೮ ಬಡ ವಸತಿಗಳಲ್ಲಿ ಅವರ ಸಂಸ್ಥೆಯು ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿತು. ಅರ್ಧ ವಸತಿಗಳಲ್ಲಿ ಹೆಂಗಸರ ಗುಂಪುಗಳನ್ನು ಕೂಡಿಸಿ ಬಸಿರು-ಬಾಣಂತನ, ನವಜಾತ ಶಿಶುವಿನ ಆರೈಕೆ ಇವುಗಳ ವಿಚಾರವಾಗಿ ಚರ್ಚೆಯನ್ನು ಏರ್ಪಡಿಸಿದರು. ಉಳಿದರ್ಧವನ್ನು ಹೋಲಿಕೆಗಾಗಿ ಬಿಟ್ಟರು. ಇಂಥವೇ ಗುಂಪುಗಳಿಂದ ನೇಪಾಳದ ಮಕವಾನಪುರದಲ್ಲಿಯೂ ಝಾರಖಂಡ-ಓಡಿಶಾದ ಹಳ್ಳಿಗಳಲ್ಲಿಯೂ ನವಜಾತ ಶಿಶುಮರಣವು ಗಣನೀಯವಾಗಿ ಇಳಿದಿತ್ತು. ಮುಂಬಯಿಯ ಪರೀಕ್ಷೆಯ ಫಲಿತವು ೨೦೧೨ರಲ್ಲಿ ಪ್ರಕಟವಾಯಿತು: ಎರಡೂ ಬಗೆಯ ವಸತಿಗಳ ನಡುವೆ ಹೇಳಿಕೊಳ್ಳುವಂತಹ ಭೇದ ಕಂಡುಬರಲಿಲ್ಲ. ತಮ್ಮ ಪ್ರಯತ್ನವು ಫಲಿಸಲಿಲ್ಲವೆಂಬುದನ್ನು ಮುಚ್ಚಿಡದೆ ಪ್ರಕಟಿಸಿದ ಪ್ರಾಮಾಣಿಕತೆಯು ಪ್ಲೇಗಿನ ಕಾಲದ ಅಧಿಕಾರಿಗಳಲ್ಲಿ ವಿರಳವಾಗಿತ್ತು.

ಹಳ್ಳಿಯಲ್ಲಿ ಫಲಿಸಿದ್ದು ನಗರದಲ್ಲಿ ಏಕೆ ಫಲಿಸಲಿಲ್ಲ? ಹಳ್ಳಿಯ ಗುಂಪಿನ ಹೆಂಗಸರು ಒಬ್ಬರನ್ನೊಬ್ಬರು ಬಲ್ಲವರು, ಒಂದೇ ಮಾತಿನವರು, ಮುಂದಿನ ವರ್ಷವೂ ಅಲ್ಲಿಯೇ ಇರುವವರು. ನಗರದ ಬಸ್ತಿಯಲ್ಲಿ ಪಕ್ಕದ ಗುಡಿಸಲಿನವರ ಊರು ಬೇರೆ, ಭಾಷೆ ಬೇರೆ. ಸಭೆಗೆ ಬಂದ ಗಂಟೆಯ ಕೂಲಿ ನಷ್ಟ. ಆಸ್ಪತ್ರೆಯು ಸಮೀಪವಿದ್ದರೂ ಅಲ್ಲಿಯ ಸರದಿ ದೊಡ್ಡದು. ಮುಂಬಯಿ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪಾಠಗಳು ನಡೆದಿರುವುದು ಈ ನಾಡಿನ ಹಿರಿಮೆ. ಆದರೆ ಬಸ್ತಿಯ ಆರೋಗ್ಯದ ಮಾತು ಬಹುಮಟ್ಟಿಗೆ ಮರಾಠಿ-ಹಿಂದಿಗಳಲ್ಲಿಯೇ ನಡೆಯುತ್ತದೆ. ವರ್ಷಗಟ್ಟಲೆ ಇಲ್ಲಿದ್ದವರಿಗೆ ಆ ಭಾಷೆಗಳು ತಿಳಿಯುತ್ತವೆ. ನಿನ್ನೆ ಯಾದಗಿರಿಯಿಂದ ಬಂದ, ಮನೆಯಲ್ಲಿ ಲಂಬಾಣಿಯನ್ನೋ ಕನ್ನಡವನ್ನೋ ಆಡುವ ಚೊಚ್ಚಲ ಬಸುರಿಗೆ ಅವು ಶಬ್ದಗಳಷ್ಟೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಡಾ. ಅನುಪಮಾ ನಿರಂಜನರು ತಾಯಿ-ಮಗುವಿನ ಆರೋಗ್ಯವನ್ನು ಕುರಿತು ತಿಳಿಗನ್ನಡದಲ್ಲಿ ಬರೆದು ಓದುಬಲ್ಲ ಗೃಹಿಣಿಯರಿಗೆ ಉಪಕಾರ ಮಾಡಿದರು. ಓದಲಾರದವಳ ಕಿವಿಗೆ ಆ ಮಾತನ್ನು ಮುಟ್ಟಿಸುವ ಕೆಲಸ ಇನ್ನೂ ಉಳಿದಿದೆ.

೨೦೧೩ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನವು ಬಡ ಬಸ್ತಿಗಳಿಗೆ ಆಶಾ ಕಾರ್ಯಕರ್ತೆಯರನ್ನೂ, ೫೦ರಿಂದ ೧೦೦ ಮನೆಗಳಿಗೊಂದರಂತೆ ಮಹಿಳಾ ಆರೋಗ್ಯ ಸಮಿತಿಯನ್ನೂ ಗೊತ್ತುಪಡಿಸಿತು. ಸಮಿತಿಯ ಹೆಂಗಸರನ್ನು ಬಸ್ತಿಯೇ ಆರಿಸಬೇಕೆಂಬುದು ಅದರ ವಿಶೇಷ. ಈ ಏರ್ಪಾಡಿನ ಪರೀಕ್ಷೆಯು ಬಹುಬೇಗನೆ ಒದಗಿತು. ೨೦೨೦ರ ಮಾರ್ಚದಲ್ಲಿ ಕೋವಿಡ್ ರೋಗವು ಹಬ್ಬಿದಾಗ ಮಹಾರಾಷ್ಟ್ರವೂ ಕರ್ನಾಟಕವೂ ಪ್ರಯೋಗಿಸಿದ ಶಾಸನವು ೧೮೯೭ರ ಆ ಹಳೆಯ ಶಾಸನವೇ. ಭಾರತದಲ್ಲಿ ಆ ರೋಗದಿಂದಾದ ಮೊದಲ ಮರಣವು ಸಂಭವಿಸಿದ್ದು ಕಲಬುರ್ಗಿಯ ವೃದ್ಧರೊಬ್ಬರದು. ಕೈಯನ್ನು ಪದೇ ಪದೇ ತೊಳೆಯಿರಿ, ಒಬ್ಬರಿಂದೊಬ್ಬರು ದೂರವಿರಿ ಎಂಬ ಬೋಧೆಯು ದೇಶದ ಎಲ್ಲ ಭಾಷೆಗಳಲ್ಲಿಯೂ ಮೊಳಗಿತು. ಹತ್ತಡಿ ಕೋಣೆಯಲ್ಲಿ ಆರು ಜನರಿರುವಲ್ಲಿ, ಕೊಡಕ್ಕೆ ಇಷ್ಟೆಂದು ಹಣ ತೆತ್ತು ನೀರು ಕೊಳ್ಳುವಲ್ಲಿ, ಅದನ್ನು ಪಾಲಿಸುವ ಬಗೆಯನ್ನು ಯಾರೂ ಹೇಳಲಿಲ್ಲ. ಕೂಲಿ ನಿಂತ ಮೇಲೆ ಜನರು ಮತ್ತೆ ಹೊರಟರು. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಕಲಬುರ್ಗಿ, ಯಾದಗಿರಿಗಳಿಗೆ ಮರಳಿದವರನ್ನು ಊರ ಶಾಲೆಗಳಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು. ಕಲ್ಯಾಣದ ಪ್ಲಾಟ್‌ಫಾರ್ಮಿನ ಚಿತ್ರವನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಅಪರಿಚಿತವೆನ್ನುವಂಥದು ಅಷ್ಟಾಗಿ ಇರಲಿಲ್ಲ.

ಆದರೂ ವ್ಯತ್ಯಾಸವೊಂದಿತ್ತು. ೧೮೯೭ರಲ್ಲಿ ಬಾಗಿಲು ತಟ್ಟಿದವನು ಪರಕೀಯ ಸೋಲ್ಜರ್. ೨೦೨೦ರಲ್ಲಿ ಅದೇ ಕೆಲಸಕ್ಕೆ ಮನೆಮನೆಗೆ ಹೋದವಳು, ಅಲ್ಪ ಗೌರವಧನದ ಮೇಲೆ ದುಡಿಯುವ ಆಶಾ ಕಾರ್ಯಕರ್ತೆ. ಬಸ್ತಿಯ ಬಸುರಿಯರ ಹೆಸರುಗಳನ್ನೂ ಕೂಸುಗಳ ಲಸಿಕೆಯ ತಿಥಿಗಳನ್ನೂ ಅವಳು ಮೊದಲೇ ಬಲ್ಲವಳಾಗಿದ್ದಳು.

ಈ ಚರಿತ್ರೆಯಿಂದ ನಿಷ್ಪನ್ನವಾಗುವ ಸಂಗತಿಗಳು ಮೂರು. ಬಡ ಕುಟುಂಬಗಳು ಆರೋಗ್ಯದ ಮಾತನ್ನು ತಿರಸ್ಕರಿಸಿದ್ದಕ್ಕಿಂತ, ಅದರ ಸಂಗಡ ಬಂದ ಅಪಮಾನವನ್ನು ತಿರಸ್ಕರಿಸಿದ್ದೇ ಹೆಚ್ಚು. ಬೋಧೆಯು ನಾಟಿದಲ್ಲೆಲ್ಲ ಅದರ ಬೆನ್ನಿಗೆ ಒಂದು ವಸ್ತುವಿತ್ತು: ಲಸಿಕೆ, ತೊಟ್ಟಿಲು, ಹೆರಿಗೆಯ ಸಂಬಳ, ಒಂದು ಹೊತ್ತಿನ ಊಟ. ಮತ್ತು ಬೋಧಿಸಿದವರು ಬಸ್ತಿಯಿಂದ ತಾವೂ ಕ್ರಮವಾಗಿ ಕಲಿತದ್ದರಿಂದಲೇ ವಿದ್ಯೆಯು ಮುಂದೆ ಸಾಗಿತು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ಇಂದು ಕನ್ನಡ ಸಂಘಗಳಿವೆ, ಕನ್ನಡಿಗರು ನಡೆಸುವ ಶಾಲೆಗಳಿವೆ, ನಾಟಕ-ಯಕ್ಷಗಾನಗಳಾಗುತ್ತವೆ. ಅದೇ ಊರುಗಳ ಕಟ್ಟಡಗಳ ಬುಡದಲ್ಲಿ ಕನ್ನಡವನ್ನೇ ಆಡುವ ತಾಯಿಯೊಬ್ಬಳು ಮರಾಠಿಯಲ್ಲಿ ಬರೆದ ಲಸಿಕೆಯ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ಅದರಲ್ಲಿ ಏನಿದೆಯೆಂದು ಅವಳಿಗೆ ಓದಿ ಹೇಳುವವರು ಬೇಕಾಗಿದ್ದಾರೆ. ರಾತ್ರಿಶಾಲೆಗಳನ್ನು ಕಟ್ಟಿದ ಹಿರಿಯರ ಪರಂಪರೆಗೆ ಅದು ಹೊಸ ಕೆಲಸವೇನೂ ಆಗಲಾರದು.